ಎನ್‌ಐಆರ್ ಮೀಟರಿನ ಅಂಕಿಯನ್ನು ಎಷ್ಟು ನಂಬಬೇಕು? ಹಿಟ್ಟಿನ ಪ್ರೋಟೀನಿನಿಂದ ಬೆರಳಿನ ಆಕ್ಸಿಜನ್‌ವರೆಗೆ, ಹಂತ ಹಂತವಾಗಿ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡು. ಒಂದು, "ಎನ್‌ಐಆರ್ ಮೀಟರ್ ತಂದಿದ್ದೇವೆ, ಆದರೆ ಲ್ಯಾಬ್ ರಿಪೋರ್ಟಿಗೂ ಇದಕ್ಕೂ ತಾಳೆಯೇ ಆಗುತ್ತಿಲ್ಲ. ಏನು ಮಾಡೋಣ?" ಇನ್ನೊಂದು, "ಸೂಜಿ ಚುಚ್ಚದೆ ಬರೀ ಬೆಳಕಿನಿಂದ ಶುಗರ್ ಹೇಳುವ ವಾಚ್ ಇದೆಯಂತೆ. ತಗೊಳ್ಳಬಹುದಾ?" ಒಂದು ಅಡುಗೆ ಪದಾರ್ಥದ ಪ್ರಶ್ನೆ, ಇನ್ನೊಂದು ದೇಹದ ಪ್ರಶ್ನೆ. ಆದರೆ ಎರಡೂ ಕಡೆ ತೊಡಕು ಒಂದೇ. ಈ ಯಂತ್ರ ಪ್ರೋಟೀನನ್ನಾಗಲಿ ಸಕ್ಕರೆಯನ್ನಾಗಲಿ ನೇರವಾಗಿ ಅಳೆಯುವುದಿಲ್ಲ. ಬೆಳಕನ್ನು ಅಳೆಯುತ್ತದೆ. ಹಿಂದೆ ಕಲಿಸಿಕೊಟ್ಟ ಲೆಕ್ಕದ ಪ್ರಕಾರ ಒಂದು ಅಂದಾಜು ಹೇಳುತ್ತದೆ. ಏನು ಕಲಿಸಿದ್ದಾರೆ, ಯಾವುದನ್ನು ತೋರಿಸಿ ಕಲಿಸಿದ್ದಾರೆ ಅನ್ನುವುದರ ಮೇಲೆ ಆ ಅಂಕಿಯ ಬೆಲೆ ನಿಂತಿದೆ.

ಶುರು ಮಾಡುವ ಮುಂಚೆ ತಿಳಿದಿರಬೇಕಾದದ್ದು

ಎನ್‌ಐಆರ್ ಅಂದರೆ ನಿಯರ್ ಇನ್‌ಫ್ರಾರೆಡ್. ಕಣ್ಣಿಗೆ ಕಾಣುವ ಕೆಂಪು ಮುಗಿದ ಮೇಲೆ ಶುರುವಾಗುವ ಬೆಳಕು. ಇದರ ತರಂಗಾಂತರ, ಅಂದರೆ ಒಂದು ಅಲೆಯ ಉದ್ದ, ಸುಮಾರು 780ರಿಂದ 2500 ನ್ಯಾನೋಮೀಟರ್. ಕೆಂಪಿನಾಚೆ ಬೆಳಕಿದೆ ಎಂದು ವಿಲಿಯಂ ಹರ್ಷೆಲ್ ಪ್ರಿಸಂ ಮತ್ತು ಥರ್ಮಾಮೀಟರ್ ಇಟ್ಟುಕೊಂಡು 1800ರಲ್ಲೇ ಕಂಡುಹಿಡಿದಿದ್ದರು. ಅದನ್ನು ಧಾನ್ಯ ಪರೀಕ್ಷೆಗೆ ಪಳಗಿಸಿದವರು ಅಮೆರಿಕದ ಕೃಷಿ ಇಲಾಖೆಯ ಎಂಜಿನಿಯರ್ ಕಾರ್ಲ್ ನಾರಿಸ್, 1960ರ ದಶಕದಲ್ಲಿ. ಅಷ್ಟು ವರ್ಷ ಇದನ್ನು ಯಾರೂ ಹೆಚ್ಚಾಗಿ ಮುಟ್ಟದಿದ್ದದ್ದಕ್ಕೆ ಕಾರಣವಿದೆ.

ನೀರಿನಲ್ಲಿ ಆಕ್ಸಿಜನ್–ಹೈಡ್ರೋಜನ್ ಬಂಧ ಇದೆ. ಕೊಬ್ಬಿನಲ್ಲಿ ಕಾರ್ಬನ್–ಹೈಡ್ರೋಜನ್, ಪ್ರೋಟೀನಿನಲ್ಲಿ ನೈಟ್ರೋಜನ್–ಹೈಡ್ರೋಜನ್. ಈ ಬಂಧಗಳು ಸದಾ ಕಂಪಿಸುತ್ತಿರುತ್ತವೆ, ತಮ್ಮ ಕಂಪನಕ್ಕೆ ಹೊಂದುವ ಬೆಳಕನ್ನು ಹೀರಿಕೊಳ್ಳುತ್ತವೆ. ಮುಖ್ಯವಾದ ಹೀರುವಿಕೆ ನಡೆಯುವುದು ಇನ್ನೂ ಉದ್ದದ ಅಲೆಗಳಲ್ಲಿ. ಎನ್‌ಐಆರ್‌ನಲ್ಲಿ ಕಾಣುವುದು ಅದರ ಓವರ್‌ಟೋನ್‌ಗಳು, ಅಂದರೆ ಹೆಚ್ಚುಕಮ್ಮಿ ಎರಡು ಪಟ್ಟು ಮೂರು ಪಟ್ಟು ವೇಗದ ಕಂಪನಗಳು, ಮತ್ತು ಎರಡು ಕಂಪನಗಳು ಕೂಡಿ ಆಗುವ ಹೀರುವಿಕೆಗಳು. ಇವು ಬಹಳ ದುರ್ಬಲ. ನೀರು 1450 ಮತ್ತು 1940 ನ್ಯಾನೋಮೀಟರ್ ಹತ್ತಿರ, ಕೊಬ್ಬು 1725 ಮತ್ತು 2310ರ ಹತ್ತಿರ, ಪ್ರೋಟೀನ್ 2180ರ ಹತ್ತಿರ ಬೆಳಕು ಹೀರುತ್ತವೆ.

ದುರ್ಬಲವಾಗಿರುವುದೇ ಒಂದು ಅನುಕೂಲ. ಬೆಳಕು ಮೇಲ್ಮೈಯಲ್ಲೇ ನಿಲ್ಲದೆ ಒಳಗೆ ಹೋಗುತ್ತದೆ. ಕರಗಿಸುವುದು, ತೆಳು ಮಾಡುವುದು, ಆಸಿಡ್ ಸುರಿಯುವುದು ಏನೂ ಬೇಡ. ಕಾಳನ್ನು ಹಾಗೇ ಇಟ್ಟು ನೋಡಬಹುದು, ಒಂದು ನಿಮಿಷದೊಳಗೆ ಉತ್ತರ ಸಿಗುತ್ತದೆ. ಕಷ್ಟ ಏನಪ್ಪಾ ಅಂದರೆ, ಎಲ್ಲರ ಹೀರುವಿಕೆಯೂ ಅಗಲವಾಗಿ ಹರಡಿಕೊಂಡು ಒಂದರ ಮೇಲೊಂದು ಬಿದ್ದಿರುತ್ತದೆ. ಸ್ಪೆಕ್ಟ್ರಮ್ ನೋಡಿ, ಅಂದರೆ ಯಾವ ಅಲೆ ಎಷ್ಟು ಹೀರಲ್ಪಟ್ಟಿದೆ ಎಂಬ ಗ್ರಾಫ್ ನೋಡಿ, ಇದು ಪ್ರೋಟೀನ್ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅದಕ್ಕೇ ಗಣಿತ ಬೇಕು. ಕಂಪ್ಯೂಟರ್ ಬರುವವರೆಗೂ ಈ ವಿಧಾನ ಮೂಲೆಯಲ್ಲಿ ಕೂತಿದ್ದದ್ದು ಇದಕ್ಕೇ.

ಭಾಗ ಒಂದು: ಆಹಾರ ಪರೀಕ್ಷೆ

1. ನಿಮ್ಮ ಪ್ರಶ್ನೆಗೆ ಎನ್‌ಐಆರ್ ಉತ್ತರ ಕೊಡಬಲ್ಲದೇ ಎಂದು ನೋಡಿ

ತೇವಾಂಶ, ಪ್ರೋಟೀನ್, ಕೊಬ್ಬು, ಪಿಷ್ಟ, ಹಣ್ಣಿನ ಸಕ್ಕರೆ ಅಂಶ, ಇವೆಲ್ಲ ಆಗುತ್ತವೆ. ಶೇಕಡಾ ಲೆಕ್ಕದಲ್ಲಿ ಇರುವ ಪದಾರ್ಥಗಳಿಗೆ ಎನ್‌ಐಆರ್ ಚೆನ್ನಾಗಿ ಒಗ್ಗುತ್ತದೆ. ಸ್ಥೂಲವಾಗಿ 0.1 ಶೇಕಡಾ ಎನ್ನುವುದನ್ನು ಗಡಿ ಎಂದುಕೊಳ್ಳಿ. ಅದಕ್ಕಿಂತ ಕಡಿಮೆ ಇರುವುದನ್ನು ಕಂಡುಹಿಡಿಯುತ್ತೇನೆ ಎಂದು ಯಾರಾದರೂ ಹೇಳಿದರೆ ಪುರಾವೆ ಕೇಳಿ. ಕೀಟನಾಶಕದ ಉಳಿಕೆ, ಶಿಲೀಂಧ್ರದ ವಿಷ, ಭಾರಲೋಹ, ಇವು ಹತ್ತು ಲಕ್ಷಕ್ಕೊಂದು ಭಾಗ, ನೂರು ಕೋಟಿಗೊಂದು ಭಾಗದ ಲೆಕ್ಕದವು. ಅವಕ್ಕೆ ಬೇರೆ ವಿಧಾನಗಳೇ ಬೇಕು.

ಅಡುಗೆ ಉಪ್ಪಿನದು ಇನ್ನೊಂದು ಕಥೆ. ಅದರಲ್ಲಿ ಎನ್‌ಐಆರ್ ಹೀರುವ ಬಂಧವೇ ಇಲ್ಲ. ಉಪ್ಪು ಬೆರೆತಾಗ ನೀರಿನ ಗ್ರಾಫ್ ಸ್ವಲ್ಪ ಬದಲಾಗುತ್ತದೆ, ಆ ಬದಲಾವಣೆಯಿಂದ ಅಂದಾಜು ಮಾಡುತ್ತಾರೆ. ಬಳಸು ದಾರಿಯ ಇಂಥ ಲೆಕ್ಕ ಪದಾರ್ಥ ಬದಲಾದ ಕೂಡಲೇ ಕೈಕೊಡುತ್ತದೆ.

2. ಯಂತ್ರ ಆರಿಸಿಕೊಳ್ಳಿ

ಇಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಡಿಟೆಕ್ಟರ್, ಅಂದರೆ ಬೆಳಕನ್ನು ಹಿಡಿಯುವ ಭಾಗ. ಸಿಲಿಕಾನ್ ಡಿಟೆಕ್ಟರ್ ಅಗ್ಗ, ಆದರೆ ಸುಮಾರು 1100 ನ್ಯಾನೋಮೀಟರ್‌ಗೆ ನಿಲ್ಲುತ್ತದೆ. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಇರುವವು ಸಾಮಾನ್ಯವಾಗಿ 900ರಿಂದ 1700ರವರೆಗೆ ನೋಡುತ್ತವೆ. 2500ರವರೆಗೆ ಹೋಗುವವು ಹೆಚ್ಚಾಗಿ ಮೇಜಿನ ಮೇಲಿಡುವ ದೊಡ್ಡ ಯಂತ್ರಗಳು.

ಉದ್ದದ ಅಲೆ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ. ಇಡೀ ಹಣ್ಣಿನ ಸಿಪ್ಪೆ ದಾಟಿ ಒಳಗೆ ನೋಡಬೇಕಾದರೆ 700ರಿಂದ 1100ರ ಬೆಳಕೇ ಸರಿ, ಅದು ಆಳಕ್ಕೆ ಇಳಿಯುತ್ತದೆ. ಒಣ ಹಿಟ್ಟಿಗೆ ಉದ್ದದ ಅಲೆಗಳು ಒಳ್ಳೆಯವು.

3. ಸ್ಯಾಂಪಲ್ ಕೂಡಿಸಿ

ಯಂತ್ರಕ್ಕೆ ಕಲಿಸುವ ಕೆಲಸಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಪ್ರೋಟೀನ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಸ್ಯಾಂಪಲ್‌ಗಳನ್ನು ತೋರಿಸಿ, ಅವುಗಳ ಗ್ರಾಫಿಗೂ ಆ ಅಂಕಿಗೂ ಸಂಬಂಧ ಕಟ್ಟುವುದು.

ಎಷ್ಟು ಸ್ಯಾಂಪಲ್ ಬೇಕು ಎಂದೇ ಎಲ್ಲರೂ ಕೇಳುತ್ತಾರೆ. ಎಂಥವು ಬೇಕು ಎಂದು ಕೇಳುವವರು ಕಡಿಮೆ. ಒಂದೇ ಹೊಲದ, ಒಂದೇ ಕೊಯ್ಲಿನ ನೂರು ಚೀಲದಿಂದ ನೂರು ಸ್ಯಾಂಪಲ್ ತೆಗೆದರೆ ನಿಮ್ಮ ಹತ್ತಿರ ಇರುವುದು ನಿಜವಾಗಿ ಒಂದೇ ಸ್ಯಾಂಪಲ್ಲು. ಬೇರೆ ಬೇರೆ ತಳಿ, ಮಣ್ಣು, ವರ್ಷ, ಒಣಗಿಸಿದ ರೀತಿ ಎಲ್ಲವೂ ಬರಬೇಕು. ಮುಂದೆ ಯಂತ್ರದ ಎದುರು ಏನೇನು ಬರಬಹುದೋ ಅದೆಲ್ಲ ಈಗಲೇ ಬರಲಿ. ಪ್ರೋಟೀನ್ 9ರಿಂದ 15 ಶೇಕಡಾ ಇರುವ ಮಾಲು ಬರುವುದಿದ್ದರೆ ಎರಡೂ ತುದಿಯವು ಸಾಕಷ್ಟು ಇರಬೇಕು, ಎಲ್ಲ 12ರ ಸುತ್ತಮುತ್ತ ಗುಂಪು ಕೂತಿರಬಾರದು.

ಇನ್ನೊಂದು ಬಲೆ ಕಣ್ಣಿಗೆ ಬೀಳುವುದೇ ಇಲ್ಲ. ನೀವು ತಂದ ಸ್ಯಾಂಪಲ್‌ಗಳಲ್ಲಿ ಪ್ರೋಟೀನ್ ಜಾಸ್ತಿ ಇರುವುದೆಲ್ಲ ಆಕಸ್ಮಿಕವಾಗಿ ತೇವಾಂಶ ಕಡಿಮೆ ಇರುವಂಥವೂ ಆಗಿದ್ದರೆ, ಮಾಡೆಲ್, ಅಂದರೆ ಹೀಗೆ ಕಟ್ಟಿದ ಲೆಕ್ಕ, ಕಲಿಯುವುದು ನೀರನ್ನೇ. ನೀರಿನ ಗುರುತು ಜೋರಾಗಿದೆ, ಸುಲಭವಾಗಿ ಸಿಗುತ್ತದೆ. ಪ್ರೋಟೀನ್ ಅಂಕಿ ಚೆನ್ನಾಗಿಯೇ ಬರುತ್ತದೆ. ಒದ್ದೆ ಮಾಲು ಬಂದ ದಿನ ಬಣ್ಣ ಬಯಲು. ಹಾಗಾಗಿ ಎರಡು ಗುಣಗಳೂ ಜೋಡಿಯಾಗಿ ಏರಿಳಿಯುತ್ತಿಲ್ಲ ಎಂದು ಒಂದು ಗ್ರಾಫ್ ಹಾಕಿ ಮೊದಲೇ ನೋಡಿಕೊಳ್ಳಿ.

4. ಲ್ಯಾಬ್ ಅಂಕಿ ತರಿಸಿ

ತಾಳೆಯಾಗದಿರುವ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಸ್ವಲ್ಪ ನಿಧಾನವಾಗಿ ಓದಿ.

ಯಂತ್ರಕ್ಕೆ ಗುರುವಾಗುವುದು ಹಳೆಯ ವಿಧಾನಗಳು. ತೇವಾಂಶಕ್ಕೆ ಓವನ್‌ನಲ್ಲಿ ಒಣಗಿಸಿ ತೂಗುವುದು, ಪ್ರೋಟೀನಿಗೆ 1883ರ ಕೆಲ್ದಾಲ್ ವಿಧಾನ ಅಥವಾ ಸುಟ್ಟು ನೈಟ್ರೋಜನ್ ಅಳೆಯುವ ಡ್ಯುಮಾ ವಿಧಾನ, ಕೊಬ್ಬಿಗೆ ದ್ರಾವಕದಲ್ಲಿ ಇಳಿಸುವ ಸಾಕ್ಸ್‌ಲೆಟ್. ಗುರು ತಪ್ಪಿದರೆ ಶಿಷ್ಯನೂ ತಪ್ಪುತ್ತಾನೆ. ಅದಕ್ಕೇ ಪ್ರತಿ ಸ್ಯಾಂಪಲ್ಲನ್ನೂ ಲ್ಯಾಬ್‌ನಲ್ಲಿ ಎರಡು ಸಲ ಮಾಡಿಸಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ನಿಮ್ಮ ಮೀಟರ್ ಅದಕ್ಕಿಂತ ನಿಖರ ಎಂದು ತೋರಿಸಿಕೊಡಲು ಈ ಅಂಕಿಗಳಿಂದ ಸಾಧ್ಯವಿಲ್ಲ.

ಈಗ ಎರಡು ಲೆಕ್ಕ. ಕೆಲ್ದಾಲ್ ಆಗಲಿ ಡ್ಯುಮಾ ಆಗಲಿ ಹೇಳುವುದು ನೈಟ್ರೋಜನ್. ಅದನ್ನು ಒಂದು ಗುಣಕದಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಸಾಮಾನ್ಯ ಗುಣಕ 6.25, ಗೋಧಿಗೆ 5.7, ಹಾಲಿಗೆ 6.38. ಹಿಟ್ಟಿನಲ್ಲಿ ನೈಟ್ರೋಜನ್ 2.1 ಶೇಕಡಾ ಇದೆ ಎನ್ನಿ. 5.7ರಿಂದ ಗುಣಿಸಿದರೆ ಪ್ರೋಟೀನ್ 11.97. 6.25ರಿಂದ ಗುಣಿಸಿದರೆ 13.13. ಹಿಟ್ಟು ಒಂದೇ, ಅಂಕಿ ಎರಡು. ಎರಡನೆಯದು: ಆ ಶೇಕಡಾ ಯಾವುದರ ಮೇಲೆ? ಇದ್ದ ಹಾಗೇ ತೂಗಿದ್ದೋ, ನೀರು ಕಳೆದು ಒಣ ತೂಕದ ಮೇಲೋ? 12 ಶೇಕಡಾ ತೇವಾಂಶ ಇರುವ ಹಿಟ್ಟಿನಲ್ಲಿ ಇದ್ದ ಹಾಗೆ ಪ್ರೋಟೀನ್ 11 ಶೇಕಡಾ ಆದರೆ, ಒಣ ಲೆಕ್ಕದಲ್ಲಿ ಅದೇ 12.5 ಆಗುತ್ತದೆ. ರಿಪೋರ್ಟಿನಲ್ಲಿ ಇವೆರಡೂ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಕೇಳಿ. ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸುವ ಮುಂಚೆ ಇದೊಂದು ಫೋನ್ ಮಾಡಿ ಸಾಕು.

ನೈಟ್ರೋಜನನ್ನೇ ಪ್ರೋಟೀನ್ ಎಂದು ನಂಬುವುದು ಎಷ್ಟು ಅಪಾಯ ಅನ್ನುವುದು 2008ರಲ್ಲಿ ಚೀನಾದ ಹಾಲಿನ ಹಗರಣದಲ್ಲಿ ಗೊತ್ತಾಯಿತು. ತೂಕದಲ್ಲಿ ಮೂರನೇ ಎರಡು ಭಾಗ ನೈಟ್ರೋಜನ್ನೇ ಇರುವ ಮೆಲಮೈನ್ ಬೆರೆಸಿ, ನೀರು ಹಾಕಿದ ಹಾಲನ್ನು ಪ್ರೋಟೀನ್ ಪರೀಕ್ಷೆಯಲ್ಲಿ ಪಾಸು ಮಾಡಿಸಿದ್ದರು. ಎನ್‌ಐಆರ್ ಇಡೀ ಗ್ರಾಫನ್ನು ನೋಡುವುದರಿಂದ ಇಂಥ ಬೆರಕೆ ದೊಡ್ಡ ಪ್ರಮಾಣದಲ್ಲಿದ್ದರೆ "ಇದೇನೋ ಬೇರೆ ಥರ ಇದೆ" ಎಂದು ಎಚ್ಚರಿಸಬಲ್ಲದು. ಚೂರುಪಾರು ಇದ್ದರೆ ಆಗುವುದಿಲ್ಲ, 0.1ರ ಗಡಿ ನೆನಪಿರಲಿ.

5. ಸ್ಕ್ಯಾನ್ ಮಾಡಿ

ದೀಪ ಬಿಸಿಯಾಗಿ ಸ್ಥಿರವಾಗಲು ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಆಮೇಲೆ ಬಿಳಿ ಬಿಲ್ಲೆಯನ್ನು, ಅಂದರೆ ಬಂದ ಬೆಳಕನ್ನು ಬಹುತೇಕ ಹಾಗೇ ವಾಪಸ್ ಕಳಿಸುವ ರೆಫರೆನ್ಸ್ ತುಂಡನ್ನು, ಓದಿಸಿ. ಅದರ ಮೇಲೆ ಬೆರಳಿನ ಜಿಡ್ಡು ಇದ್ದರೆ ಆ ಜಿಡ್ಡು ಮುಂದಿನ ಎಲ್ಲ ಸ್ಯಾಂಪಲ್‌ಗಳ ಲೆಕ್ಕಕ್ಕೂ ಸೇರಿಕೊಳ್ಳುತ್ತದೆ.

ಹಿಟ್ಟನ್ನು ಬಟ್ಟಲಿಗೆ ತುಂಬುವಾಗ ಪ್ರತಿ ಸಲ ಒಂದೇ ರೀತಿ ತುಂಬಿ, ಒಂದೇ ಒತ್ತಡದಲ್ಲಿ. ಸಡಿಲ ಹಿಟ್ಟು, ಬಿಗಿದ ಹಿಟ್ಟು, ದಪ್ಪ ಬೀಸಿದ್ದು, ನುಣ್ಣಗೆ ಬೀಸಿದ್ದು, ಇವೆಲ್ಲ ಬೆಳಕನ್ನು ಚದುರಿಸುವ ರೀತಿಯೇ ಬೇರೆ. ಒಂದು ಸಲ ಓದಿ, ಬಟ್ಟಲು ಖಾಲಿ ಮಾಡಿ, ಮತ್ತೆ ತುಂಬಿ ಓದಿ. ಸುಮ್ನೆ ಬಟನ್ ಮೂರು ಸಲ ಒತ್ತಿದರೆ ಯಂತ್ರದ ಸ್ಥಿರತೆ ಗೊತ್ತಾಗುತ್ತದೆ ಅಷ್ಟೇ, ತುಂಬುವುದರಲ್ಲಿ ಎಷ್ಟು ವ್ಯತ್ಯಾಸ ಬಂತು ಅಂತ ಗೊತ್ತಾಗುವುದಿಲ್ಲ.

ಹಣ್ಣಾದರೆ ಒಂದೇ ಕಡೆ ಓದಿ ನಿಲ್ಲಿಸಬೇಡಿ. ಬಿಸಿಲಿಗೆ ಮುಖ ಮಾಡಿದ್ದ ಬದಿಗೂ ನೆರಳಿನ ಬದಿಗೂ ಸಕ್ಕರೆ ಬೇರೆ ಇರಬಹುದು. ಲ್ಯಾಬ್‌ಗೆ ರಸ ತೆಗೆಯುವಾಗಲೂ ಬೆಳಕು ಬಿದ್ದ ಜಾಗದ ತಿರುಳನ್ನೇ ತೆಗೆಯಿರಿ.

ಬಿಸಿಯ ಕಡೆಗೂ ಗಮನ ಇರಲಿ. ನೀರು ಬೆಚ್ಚಗಾದರೆ ಅದರ ಹೀರುವಿಕೆ ಚಿಕ್ಕ ಅಲೆಗಳ ಕಡೆಗೆ ಸ್ವಲ್ಪ ಸರಿಯುತ್ತದೆ. ಶೀತಲ ಕೋಣೆಯಿಂದ ಈಗಷ್ಟೇ ತಂದ ಹಣ್ಣನ್ನು ಓದಿದರೆ ಮಾಡೆಲ್ ಆ ಸರಿತವನ್ನೇ ಸಕ್ಕರೆಯ ಬದಲಾವಣೆ ಎಂದು ತಿಳಿಯಬಹುದು. ಸ್ಯಾಂಪಲ್ ಕೋಣೆಯ ಬಿಸಿಗೆ ಬರಲಿ. ಇಲ್ಲವೇ ಬೇರೆ ಬೇರೆ ಬಿಸಿಯಲ್ಲಿ ಓದಿಸಿಯೇ ಕಲಿಸಿ.

ಓದುವ ಕ್ರಮವನ್ನು ಚೆಲ್ಲಾಪಿಲ್ಲಿ ಮಾಡಿ. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಓದಿದರೆ, ದೀಪ ನಿಧಾನವಾಗಿ ಮಂಕಾಗುವುದನ್ನೂ ಮಾಡೆಲ್ ಪ್ರೋಟೀನ್ ಎಂದೇ ಕಲಿಯುತ್ತದೆ. ಈ ಮಾತು ಶುಗರ್ ವಾಚಿನ ಹತ್ತಿರ ಮತ್ತೆ ಬೇಕಾಗುತ್ತದೆ.

6. ಮಾಡೆಲ್ ಕಟ್ಟಿ

ಇದನ್ನು ಸಾಫ್ಟ್‌ವೇರ್ ಮಾಡುತ್ತದೆ. ಮೊದಲು ಗ್ರಾಫನ್ನು ತೊಳೆಯಬೇಕು. ಎಸ್‌ಎನ್‌ವಿ ಎಂದರೆ ಪ್ರತಿ ಗ್ರಾಫಿನಿಂದ ಅದರದೇ ಸರಾಸರಿ ಕಳೆದು, ಅದರದೇ ಹರಡಿಕೆಯಿಂದ ಭಾಗಿಸುವುದು. ಕಣದ ಗಾತ್ರದಿಂದ ಬರುವ ಏರುಪೇರು ಇದರಿಂದ ತಗ್ಗುತ್ತದೆ. ಡೆರಿವೇಟಿವ್ ಎಂದರೆ ಗ್ರಾಫಿನ ಇಳಿಜಾರನ್ನು ತೆಗೆದುಕೊಳ್ಳುವುದು. ಒಂದರ ಮೇಲೊಂದು ಕೂತ ಗುಡ್ಡಗಳು ಸ್ವಲ್ಪ ಬಿಡಿಸಿಕೊಳ್ಳುತ್ತವೆ. ಆಮೇಲೆ ಪಿಎಲ್‌ಎಸ್, ನೂರಾರು ಅಲೆಗಳ ಮಾಹಿತಿಯನ್ನು ಕೆಲವೇ ಅಂಶಗಳಿಗೆ ಹಿಂಡುವ ಲೆಕ್ಕ. ಅಂಶಗಳನ್ನು ಸೇರಿಸುತ್ತ ಹೋದಷ್ಟೂ ಕಲಿಕೆಯ ಸ್ಯಾಂಪಲ್‌ಗಳ ಮೇಲೆ ತಪ್ಪು ಕಡಿಮೆಯಾಗುತ್ತಲೇ ಹೋಗುತ್ತದೆ. ಅದನ್ನು ನೋಡಿ ಖುಷಿಪಡಬೇಡಿ. ಒಂದು ಹಂತದ ಮೇಲೆ ಅದು ಬಾಯಿಪಾಠ.

7. ಕಾಣದ ಸ್ಯಾಂಪಲ್ ಕೊಟ್ಟು ಪರೀಕ್ಷಿಸಿ

ಕಲಿಕೆಗೆ ಬಳಸದ, ಆದಷ್ಟೂ ಬೇರೆ ವರ್ಷದ ಅಥವಾ ಬೇರೆ ಜಾಗದ ಸ್ಯಾಂಪಲ್ ಇಟ್ಟುಕೊಳ್ಳಿ. ಒಂದೇ ಸ್ಯಾಂಪಲ್ಲಿನ ಮೂರು ಓದುಗಳಲ್ಲಿ ಎರಡನ್ನು ಕಲಿಕೆಗೂ ಒಂದನ್ನು ಪರೀಕ್ಷೆಗೂ ಹಾಕಿದರೆ ಅದು ಪ್ರಶ್ನೆಪತ್ರಿಕೆ ಸೋರಿಕೆಯೇ.

ಫಲಿತಾಂಶದಲ್ಲಿ ಎರಡು ಅಂಕಿ ನೋಡಿ. ಬಯಾಸ್, ಅಂದರೆ ಯಂತ್ರ ಸರಾಸರಿಯಾಗಿ ಎಷ್ಟು ಮೇಲೆ ಅಥವಾ ಕೆಳಗೆ ಹೇಳುತ್ತಿದೆ ಎಂಬುದು. ಮತ್ತು ಎಸ್‌ಇಪಿ, ಅಂದರೆ ಬಯಾಸ್ ತೆಗೆದ ಮೇಲೂ ಉಳಿಯುವ ಚದುರಿದ ತಪ್ಪು. ಸ್ಯಾಂಪಲ್‌ಗಳ ಸಹಜ ಹರಡಿಕೆಯನ್ನು ಎಸ್‌ಇಪಿಯಿಂದ ಭಾಗಿಸಿದರೆ ಆರ್‌ಪಿಡಿ ಬರುತ್ತದೆ. ಹರಡಿಕೆ 1.5, ಎಸ್‌ಇಪಿ 0.5 ಆದರೆ ಆರ್‌ಪಿಡಿ 3. ಅದು ಒಂದರ ಹತ್ತಿರ ಇದ್ದರೆ ಯಂತ್ರವನ್ನು ಪೆಟ್ಟಿಗೆಗೆ ಹಾಕಿ, ಪ್ರತಿ ಸಲ ಸರಾಸರಿಯನ್ನೇ ಹೇಳಿದರೂ ಅಷ್ಟೇ ಸರಿಯಾಗುತ್ತದೆ. ಮಾರುವವರು ಆರ್ ಸ್ಕ್ವೇರ್, ಅಂದರೆ ಯಂತ್ರದ ಅಂಕಿಗೂ ಲ್ಯಾಬ್ ಅಂಕಿಗೂ ಎಷ್ಟು ಹೊಂದಿಕೆ ಇದೆ ಎಂಬ ಅಳತೆ, 0.98 ಎಂದು ತೋರಿಸುತ್ತಾರೆ, ಅಲ್ವಾ? ಎರಡು ತುದಿಯ ಸ್ಯಾಂಪಲ್ ಸೇರಿಸಿದರೆ ಆ ಅಂಕಿ ತಾನಾಗಿಯೇ ಏರುತ್ತದೆ. ಎಸ್‌ಇಪಿ ಕೇಳಿ, ಯಾವ ಸ್ಯಾಂಪಲ್ ಮೇಲೆ ಎಂದೂ ಕೇಳಿ.

8. ದಿನನಿತ್ಯ ಬಳಸುವಾಗ

ಲ್ಯಾಬ್ ಅಂಕಿ ಗೊತ್ತಿರುವ ಒಂದು ಸ್ಯಾಂಪಲ್ಲನ್ನು ಮುಚ್ಚಿ ಇಟ್ಟುಕೊಂಡು ದಿನವೂ ಓದಿಸಿ, ಬರೆದಿಡಿ. ಎಷ್ಟೋ ಸ್ಯಾಂಪಲ್‌ಗೆ ಒಂದರಂತೆ ಲ್ಯಾಬ್‌ಗೆ ಕಳಿಸುವುದನ್ನು ನಿಲ್ಲಿಸಬೇಡಿ. ಸಾಫ್ಟ್‌ವೇರಿನಲ್ಲಿ "ಔಟ್‌ಲಯರ್" ಎಚ್ಚರಿಕೆ ಇದ್ದರೆ, ಅಂದರೆ ಕಲಿತ ಗುಂಪಿಗೆ ಸೇರದ ಗ್ರಾಫ್ ಬಂದಾಗ ಕೂಗುವ ಸೌಲಭ್ಯ ಇದ್ದರೆ, ಅದನ್ನು ಆಫ್ ಮಾಡಬೇಡಿ. ಕಿರಿಕಿರಿ ಎಂದು ಆಫ್ ಮಾಡುವವರೇ ಜಾಸ್ತಿ. ಆ ಎಚ್ಚರಿಕೆ ಇಲ್ಲದ ಯಂತ್ರ, ಪಾಠ ಓದದೆ ಪರೀಕ್ಷೆಗೆ ಕೂತ ಹುಡುಗನ ಹಾಗೆ. ಉತ್ತರಪತ್ರಿಕೆ ಖಾಲಿ ಬಿಡುವುದಿಲ್ಲ, ಏನಾದರೂ ಒಂದು ಬರೆದೇ ಬರೆಯುತ್ತಾನೆ. ಗೋಧಿಯ ಮಾಡೆಲ್ಲಿಗೆ ಮರದ ಪುಡಿ ಇಟ್ಟರೂ ಪ್ರೋಟೀನ್ ಇಷ್ಟು ಎನ್ನುತ್ತದೆ, ಎರಡು ದಶಮಾಂಶ ಸಮೇತ.

ಭಾಗ ಎರಡು: ದೇಹದ ಮೇಲೆ

ಇಲ್ಲಿ ನೀವು ಮಾಡೆಲ್ ಕಟ್ಟುವುದಿಲ್ಲ, ತಯಾರಕರು ಕಟ್ಟಿರುತ್ತಾರೆ. ನಿಮ್ಮ ಕೆಲಸ ಸರಿಯಾಗಿ ಹಾಕಿ ಸರಿಯಾಗಿ ಓದುವುದು. ಸುಮಾರು 650ರಿಂದ 950 ನ್ಯಾನೋಮೀಟರ್ ನಡುವೆ ನೀರೂ ರಕ್ತವೂ ಕಡಿಮೆ ಹೀರುವುದರಿಂದ ಬೆಳಕು ಅಂಗಾಂಶದೊಳಗೆ ಸೆಂಟಿಮೀಟರ್‌ಗಳಷ್ಟು ಹೋಗುತ್ತದೆ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಮತ್ತು ಖಾಲಿ ಹಿಮೋಗ್ಲೋಬಿನ್ ಬೆಳಕು ಹೀರುವ ರೀತಿ ಬೇರೆ ಬೇರೆ. ಎಲ್ಲವೂ ನಿಂತಿರುವುದು ಅದರ ಮೇಲೆ.

1. ಬೆರಳಿನ ಪಲ್ಸ್ ಆಕ್ಸಿಮೀಟರ್

ಎರಡು ದೀಪ: ಕೆಂಪು 660 ನ್ಯಾನೋಮೀಟರ್, ಇನ್‌ಫ್ರಾರೆಡ್ 940. ಜಪಾನಿನ ತಕುವೊ ಅವೊಯಾಗಿ 1970ರ ದಶಕದ ಆರಂಭದಲ್ಲಿ ಹೊಳೆಯಿಸಿಕೊಂಡ ಉಪಾಯ ಇದು. ನಾಡಿ ಮಿಡಿದಾಗ ಬದಲಾಗುವ ಭಾಗವನ್ನು ಮಾತ್ರ ಲೆಕ್ಕಕ್ಕೆ ತಗೊಂಡರೆ ಚರ್ಮ, ಮೂಳೆ, ಸಿರೆಯ ರಕ್ತ ಎಲ್ಲ ಬದಿಗೆ ಸರಿಯುತ್ತವೆ.

ಓದುವ ಕ್ರಮ ಹೀಗೆ. ಉಗುರುಬಣ್ಣ ತೆಗೆಯಿರಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಕೂತು, ಕೈಯನ್ನು ಎದೆಯ ಮಟ್ಟದಲ್ಲಿ ಆನಿಸಿ, ಅಲುಗಾಡಿಸಬೇಡಿ. ಅಂಕಿ ನಿಲ್ಲುವವರೆಗೆ ಕಾಯಿರಿ. ಮೊದಲು ಮಿಂಚಿದ ಅಂಕಿ ಬರೆದುಕೊಳ್ಳಬೇಡಿ. ಪರದೆಯಲ್ಲಿ ಕಾಣುವ ನಾಡಿ ಬಡಿತವನ್ನು ಮಣಿಕಟ್ಟಿನಲ್ಲಿ ಎಣಿಸಿ ನೋಡಿ. ಅದೇ ತಾಳೆಯಾಗದಿದ್ದರೆ ಆಕ್ಸಿಜನ್ ಅಂಕಿಯನ್ನೂ ನಂಬಬೇಡಿ.

ಅಂಕಿಗೆ ಎಷ್ಟು ಬೆಲೆ? 90 ಎಂದು ತೋರಿಸಿದರೆ ನಿಜವಾದದ್ದು ಸಾಮಾನ್ಯವಾಗಿ 86ರಿಂದ 94ರ ನಡುವೆ ಎಲ್ಲಾದರೂ ಇರಬಹುದು ಎನ್ನುತ್ತದೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ. ಈ ಯಂತ್ರಗಳಿಗೆ ಕಲಿಸುವುದು ಆರೋಗ್ಯವಂತ ಸ್ವಯಂಸೇವಕರ ಆಕ್ಸಿಜನ್ ಮಟ್ಟವನ್ನು ಸುಮಾರು 70 ಶೇಕಡಾವರೆಗೆ ಇಳಿಸಿ. ಅದಕ್ಕಿಂತ ಕೆಳಗಿನ ಅಂಕಿಗಳು ಬರೀ ಊಹೆ. ಭಾಗ ಒಂದರ ಮೂರನೇ ಹಂತದಲ್ಲಿ ಹೇಳಿದ ಸ್ಯಾಂಪಲ್ ವೈವಿಧ್ಯದ ಮಾತು ಇಲ್ಲೂ ಬರುತ್ತದೆ: 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೀಟರ್ ಹಿಡಿಯದೆ ಬಿಟ್ಟ ಆಕ್ಸಿಜನ್ ಕೊರತೆ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಚರ್ಮದ ಬಣ್ಣ ಗಾಢವಿದ್ದರೆ ಒಂದು ಅಂಕಿಗಿಂತ ಅದು ಇಳಿಯುತ್ತಿದೆಯೇ ಎಂಬುದನ್ನೇ ನೋಡಿ. ಉಸಿರು ಕಟ್ಟುತ್ತಿದ್ದರೆ ಮೀಟರ್ 97 ಎಂದರೂ ವೈದ್ಯರ ಹತ್ತಿರ ಹೋಗಿ.

ಹೊಗೆ ತುಂಬಿದ ಕೋಣೆಯಿಂದ ಹೊರಗೆ ತಂದವರಿಗೆ ಈ ಮೀಟರ್ ಹಾಕಿ ಸಮಾಧಾನಪಟ್ಟುಕೊಳ್ಳಲೇಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ 660ರಲ್ಲಿ ಆಕ್ಸಿಜನ್ ಹೊತ್ತದ್ದರಂತೆಯೇ ಕಾಣುತ್ತದೆ. ಪ್ರಾಣ ಹೋಗುತ್ತಿದ್ದರೂ ಅಂಕಿ ಚೆನ್ನಾಗಿಯೇ ಇರುತ್ತದೆ.

2. ಮಿದುಳಿನ ಆಕ್ಸಿಜನ್ ನೋಡುವ ಪಟ್ಟಿ

ಹೃದಯದ ಆಪರೇಷನ್ ವೇಳೆ ಹಣೆಗೆ ಅಂಟಿಸುವುದು ಇದನ್ನೇ. ತಲೆಬುರುಡೆ ದಾಟಿ ಮಿದುಳನ್ನು ಹೀಗೆ ನೋಡಬಹುದು ಎಂದು ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ 1977ರಲ್ಲಿ ತೋರಿಸಿದರು. ದೀಪದಿಂದ ಕೆಲವು ಸೆಂಟಿಮೀಟರ್ ದೂರದಲ್ಲಿ ಡಿಟೆಕ್ಟರ್ ಇರುತ್ತದೆ. ದೂರ ಹೆಚ್ಚಾದಷ್ಟೂ ಬೆಳಕು ಆಳದಿಂದ ಬಂದಿರುತ್ತದೆ. ಹತ್ತಿರದ ಡಿಟೆಕ್ಟರಿನ ಓದು ನೆತ್ತಿಯ ಚರ್ಮದ್ದು, ಅದನ್ನು ಲೆಕ್ಕದಿಂದ ಕಳೆಯುತ್ತಾರೆ.

ರೋಗಿಯ ಮನೆಯವರು ಪರದೆಯಲ್ಲಿ 65 ಎಂದು ಕಂಡು ಗಾಬರಿಯಾಗುತ್ತಾರೆ. ಬೇಡ. ಇದು ಹೆಚ್ಚಾಗಿ ಸಿರೆಯ ರಕ್ತವನ್ನು ನೋಡುವುದರಿಂದ 60ರಿಂದ 80ರ ಅಂಕಿ ಸಾಮಾನ್ಯ. ಇಲ್ಲಿ ಮುಖ್ಯವಾದದ್ದು ಮೊದಲ ಓದು. ಅರಿವಳಿಕೆ ಕೊಡುವ ಮುಂಚೆ ಬಂದ ಅಂಕಿಗಿಂತ ಐದನೇ ಒಂದು ಭಾಗ ಇಳಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಒಂದು ತಯಾರಕರ ಯಂತ್ರದ ಅಂಕಿಯನ್ನು ಇನ್ನೊಬ್ಬರದರ ಜೊತೆ ಹೋಲಿಸಬೇಡಿ, ಒಳಗಿನ ಲೆಕ್ಕವೇ ಬೇರೆ.

3. ಶುಗರ್ ಹೇಳುವ ವಾಚು, ಉಂಗುರ

ಊಟಕ್ಕೆ ಮುಂಚೆ ರಕ್ತದಲ್ಲಿ ಗ್ಲೂಕೋಸ್ 100 ಮಿಲಿಗ್ರಾಂ ಇದೆ ಎನ್ನಿ, ಪ್ರತಿ ಡೆಸಿಲೀಟರಿಗೆ. ಅದನ್ನು ಶೇಕಡಾ ಮಾಡಿದರೆ ಸುಮಾರು 0.1. ಭಾಗ ಒಂದರ ಮೊದಲ ಹಂತದಲ್ಲಿ ಹೇಳಿದ ಗಡಿಯೇ ಇದು. ಅದೂ ಬಟ್ಟಲಿನಲ್ಲಿ ಸುಮ್ಮನೆ ಕೂತ ಒಣ ಹಿಟ್ಟಿನಲ್ಲಿ ಅಲ್ಲ. ಬೆವರುವ, ಮಿಡಿಯುವ, ಬಿಸಿ ಬದಲಾಗುವ, ಬಹುಪಾಲು ನೀರೇ ಇರುವ ಚರ್ಮದಲ್ಲಿ. ಚಿಕಿತ್ಸೆಗೆ ಬೇಕಾದದ್ದು ಆ 0.1ರೊಳಗಿನ ಏರಿಳಿತ.

ಹಾಗಾದರೆ ಕೆಲವು ಪ್ರಯೋಗಗಳಲ್ಲಿ ಅಂಕಿ ಸರಿಯಾಗಿ ಬಂದದ್ದು ಹೇಗೆ? ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದಾಗ ಶುಗರ್ ನಿಧಾನವಾಗಿ ಏರಿ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ದೀಪ, ಚರ್ಮದ ಬಿಸಿ, ಒತ್ತಿದ ಜಾಗದ ರಕ್ತ, ಇವೂ ನಿಧಾನವಾಗಿ ಬದಲಾಗುತ್ತವೆ. ಮಾಡೆಲ್ ಗಡಿಯಾರವನ್ನು ಕಲಿತು ಶುಗರ್ ಎನ್ನುತ್ತದೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗ್ಲೂಕೋಸೇ ಇಲ್ಲದ ಕೃತಕ ಅಂಗಾಂಶವನ್ನು ಓದಿ, ಆ ಗ್ರಾಫ್‌ಗಳಿಗೆ ಗ್ಲೂಕೋಸ್ ಅಂಕಿಗಳನ್ನು ಜೋಡಿಸಿ ಮಾಡೆಲ್ ಕಟ್ಟಿದರು. ಮಾಡೆಲ್ ಕೆಲಸ ಮಾಡುವಂತೆಯೇ ಕಂಡಿತು!

ಚರ್ಮ ಚುಚ್ಚದೆ ತಾವೇ ಗ್ಲೂಕೋಸ್ ಅಳೆಯುತ್ತೇವೆ ಎನ್ನುವ ಯಾವ ವಾಚಿಗೂ ಉಂಗುರಕ್ಕೂ ಅನುಮತಿ ಕೊಟ್ಟಿಲ್ಲ, ಬಳಸಬೇಡಿ ಎಂದು ಎಫ್‌ಡಿಎ ಫೆಬ್ರವರಿ 2024ರಲ್ಲಿ ಎಚ್ಚರಿಸಿತು. ತೋಳಿಗೆ ಅಂಟಿಸುವ ಸಿಜಿಎಂ, ಅಂದರೆ ಗ್ಲೂಕೋಸನ್ನು ಬಿಡದೆ ಅಳೆಯುತ್ತಲೇ ಇರುವ ಸೆನ್ಸರ್, ಬೇರೆ ಜಾತಿ. ಅದರ ತೆಳು ತಂತು ಚರ್ಮದ ಕೆಳಗೆ ಹೋಗಿ ಅಲ್ಲಿನ ದ್ರವದಲ್ಲಿ ಅಳೆಯುತ್ತದೆ, ವಾಚು ಆ ಅಂಕಿಯನ್ನು ತೋರಿಸುತ್ತದೆ ಅಷ್ಟೇ. ಕೊಳ್ಳುವಾಗ ಅಂಗಡಿಯವರಿಗೆ ಒಂದೇ ಪ್ರಶ್ನೆ ಹಾಕಿ: "ಚರ್ಮದೊಳಗೆ ಹೋಗುವ ಸೆನ್ಸರ್ ಎಲ್ಲಿದೆ?" ಇಲ್ಲ ಎಂದರೆ ಅದು ತೋರಿಸುವ ಅಂಕಿ ನೋಡಿ ಇನ್ಸುಲಿನ್ ಡೋಸನ್ನಾಗಲಿ ಮಾತ್ರೆಯನ್ನಾಗಲಿ ಬದಲಿಸಬೇಡಿ. ಈಗಾಗಲೇ ಕೊಂಡಿದ್ದರೆ ಗಂಟೆ ನೋಡಲು ಇಟ್ಟುಕೊಳ್ಳಿ, ಶುಗರಿಗೆ ಗ್ಲೂಕೋಮೀಟರಿನ ಪಟ್ಟಿಯನ್ನೇ ಬಳಸಿ.